ಹತ್ತು ವರ್ಷ ಮಿಲಿಟರಿ ಕೈಗೆ ಕೊಟ್ರೆ ದೇಶ ಉದ್ಧಾರ ಆಗುತ್ತಾ? ಕೊರಿಯಾ ಮೇಲೆ ಹೋಯ್ತು, ಬರ್ಮಾ ಯಾಕೆ ಮುಳುಗ್ತು?

ಬಯಲುಸೀಮೆ
ನಮ್ ಕಡೆ ಯಾವ ಮದುವೆ ಮನೇಲಿ ಊಟಕ್ಕೆ ಕೂತ್ರೂ ಒಬ್ರಾದ್ರೂ ಈ ಮಾತು ಎತ್ತೇ ಎತ್ತುತ್ತಾರೆ, ಈ ರಾಜಕಾರಣಿಗಳನ್ನೆಲ್ಲ ಮನೆಗೆ ಕಳಿಸಿ ಹತ್ತು ವರ್ಷ ಮಿಲಿಟರಿ ಕೈಗೆ ಕೊಡ್ಬೇಕು, ಆಗ ನೋಡಿ ರಸ್ತೆ ಹೆಂಗಾಗುತ್ತೆ, ಲಂಚ ಹೆಂಗ್ ನಿಲ್ಲುತ್ತೆ ಅಂತ. ಹೇಳೋರು ಕೆಟ್ಟವರಲ್ಲ, ತಾಲ್ಲೂಕು ಆಫೀಸಿಗೆ ಒಂದು ಖಾತೆ ಬದಲಾವಣೆಗೆ ತಿಂಗಳಾನುಗಟ್ಟಲೆ ಅಲೆದು ಬೇಸತ್ತವರು. ಕೇಳಿದ ತಕ್ಷಣ ಕೊಡೋ ಉದಾಹರಣೆ ಒಂದೇ, ದಕ್ಷಿಣ ಕೊರಿಯಾ.

ಸರಿ, ಓದೋಣ ಅಂತ ಕೂತೆ. 1961 ಮೇ 16ಕ್ಕೆ ಕೊರಿಯಾದಲ್ಲಿ ಪಾರ್ಕ್ ಚುಂಗ್ ಹೀ ಸೈನ್ಯ ನುಗ್ಗಿಸಿ ಸರ್ಕಾರ ಕಿತ್ತಾಕಿದ್ದು. 1962 ಮಾರ್ಚ್ 2ಕ್ಕೆ ಬರ್ಮಾದಲ್ಲಿ (ಈಗಿನ ಮ್ಯಾನ್ಮಾರ್) ಜನರಲ್ ನೆ ವಿನ್ ಅದನ್ನೇ ಮಾಡಿದ್ದು. ಮಧ್ಯ ಹತ್ತು ತಿಂಗಳ ಅಂತರವೂ ಇಲ್ಲ. ಆಗ ಯಾರನ್ನಾದ್ರೂ ಕೇಳಿದ್ರೆ ಮುಂದೆ ಬರೋದು ಬರ್ಮಾ ಅಂತಾನೇ ಹೇಳ್ತಿದ್ರು. ಯುದ್ಧಕ್ಕೆ ಮುಂಚೆ ಅದು ಪ್ರಪಂಚದಲ್ಲೇ ಅತಿ ಹೆಚ್ಚು ಅಕ್ಕಿ ರಫ್ತು ಮಾಡ್ತಿದ್ದ ದೇಶ, ತೇಗ ಇತ್ತು, ಎಣ್ಣೆ ಇತ್ತು, ಮಾಣಿಕ್ಯ ಇತ್ತು, ರಂಗೂನ್ ಯೂನಿವರ್ಸಿಟಿಗೆ ಏಷ್ಯಾದಲ್ಲೇ ಹೆಸರಿತ್ತು. 1961ರಲ್ಲಿ ವಿಶ್ವಸಂಸ್ಥೆಯ ಪ್ರಧಾನ ಕಾರ್ಯದರ್ಶಿ ಆದ ಊ ಥಾಂಟ್ ಅದೇ ದೇಶದವರು. ಕೊರಿಯಾದಲ್ಲಿ ಯುದ್ಧ ಮುಗಿದು ಹತ್ತು ವರ್ಷ ಆಗಿರ್ಲಿಲ್ಲ, ಊರೂರೇ ಸುಟ್ಟುಹೋಗಿತ್ತು.

ಇಪ್ಪತ್ತೈದು ವರ್ಷ ಆದ್ಮೇಲೆ ಕೊರಿಯಾ ಒಲಿಂಪಿಕ್ಸ್ ನಡೆಸೋಕೆ ರೆಡಿ ಆಗ್ತಿತ್ತು, ಬರ್ಮಾ 1987 ಡಿಸೆಂಬರಲ್ಲಿ ವಿಶ್ವಸಂಸ್ಥೆಯ ಅತ್ಯಂತ ಹಿಂದುಳಿದ ದೇಶಗಳ ಪಟ್ಟಿಗೆ ಸೇರ್ತು. ಎರಡೂ ಕಡೆ ಸೈನ್ಯವೇ ಆಳಿದ್ದು. ಹಾಗಾದ್ರೆ ಸೈನ್ಯ ಬಂದಿದ್ದಕ್ಕೆ ಕೊರಿಯಾ ಉದ್ಧಾರ ಆಯ್ತು ಅನ್ನೋ ಮಾತು ಎಷ್ಟು ಸರಿ? ತಿಳಿದವರು ಹೇಳಿ.

ಶಿವಮೊಗ್ಗ_ಎಕ್ಸ್‌ಪ್ರೆಸ್
ಸರಳ ಉತ್ತರ ಇದೆ ಗುರು, ಪಾರ್ಕ್ ದೇಶಭಕ್ತ, ನೆ ವಿನ್ ಕಳ್ಳ. ಒಳ್ಳೇ ಜನರಲ್ ಸಿಕ್ಕಿದ್ರೆ ಉದ್ಧಾರ. ಶಿಸ್ತು ಮುಖ್ಯ. ಸಿಂಗಾಪುರ ನೋಡಿ, ಲೀ ಕುವಾನ್ ಯೂ ಹೆಂಗ್ ಬಿಗಿ ಹಿಡಿದ.

ನೈಟ್‌ಶಿಫ್ಟ್
@ಶಿವಮೊಗ್ಗ_ಎಕ್ಸ್‌ಪ್ರೆಸ್ ಲೀ ಕುವಾನ್ ಯೂ ವಕೀಲ, ಕೇಂಬ್ರಿಜಲ್ಲಿ ಓದಿದವನು. ಎಲೆಕ್ಷನ್ ಗೆದ್ದು ಬಂದವನು. ಬಿಗಿ ಆಡಳಿತ ಹೌದು, ಮಿಲಿಟರಿ ಆಡಳಿತ ಅಲ್ಲ. ಎರಡನ್ನೂ ಒಂದೇ ಚೀಲಕ್ಕೆ ಹಾಕ್ಬೇಡಿ.

ಶಿವಮೊಗ್ಗ_ಎಕ್ಸ್‌ಪ್ರೆಸ್
ಹೆಸರು ಏನಾದ್ರೂ ಇರ್ಲಿ, ಬಿಗಿ ಇಲ್ದೆ ಏನೂ ಆಗಲ್ಲ ಅನ್ನೋದಷ್ಟೇ ನನ್ ಪಾಯಿಂಟು.

ಎಕನಾಮಿಕ್ಸ್_ಮೇಷ್ಟ್ರು
ಬಯಲುಸೀಮೆಯವರೇ, ಪ್ರಶ್ನೆ ಚೆನ್ನಾಗಿದೆ, ಸ್ವಲ್ಪ ಉದ್ದ ಬರೀತೀನಿ, ಬೇಜಾರಾಗ್ಬೇಡಿ.

ಮೊದಲು ಬರ್ಮಾ. ನೆ ವಿನ್ ಬಂದ ಕೂಡಲೇ "ಸಮಾಜವಾದಕ್ಕೆ ಬರ್ಮಾದ ದಾರಿ" ಅಂತ ಒಂದು ಘೋಷಣೆ ಹೊರಡಿಸಿದ. 1963-64ರಲ್ಲಿ ಬ್ಯಾಂಕು, ಅಕ್ಕಿ ವ್ಯಾಪಾರ, ಆಮದು ರಫ್ತು, ಕೊನೆಗೆ ಬೀದಿ ಬದಿಯ ಬಟ್ಟೆ ಅಂಗಡಿವರೆಗೂ ಸರ್ಕಾರದ್ದು ಮಾಡ್ದ. ಅಂಗಡಿ ಬೋರ್ಡ್ ಇಳಿಸಿ "ಜನತಾ ಮಳಿಗೆ" ಅಂತ ನಂಬರ್ ಹಾಕಿದ್ರು. ಅದರ ಒಳಗೆ ಕೂರಿಸಿದ್ದು ಯಾರನ್ನ? ಸೇನಾ ಅಧಿಕಾರಿಗಳನ್ನ. ಹಳೇ ಐಸಿಎಸ್ ಪರಂಪರೆಯ ಸಿವಿಲ್ ಅಧಿಕಾರಿಗಳನ್ನ ಮೂಲೆಗೆ ತಳ್ಳಿದ್ರು. ವ್ಯಾಪಾರ ಗೊತ್ತಿದ್ದವರಲ್ಲಿ ತುಂಬಾ ಜನ ಭಾರತೀಯರು, ಚೀನೀಯರು, ಅವರನ್ನ ಓಡಿಸಿದ್ರು. ಸುಮಾರು 3 ಲಕ್ಷ ಭಾರತೀಯರು ಬರಿಗೈಲಿ ಹಡಗು ಹತ್ತಿದ್ರು.

ಈಗ ಅಕ್ಕಿ ಕಥೆ ಕೇಳಿ, ಎಲ್ಲದರ ಕೀಲಿ ಇರೋದು ಅಲ್ಲೇ. ರೈತ ಬೆಳೆದ ಭತ್ತದಲ್ಲಿ ಇಷ್ಟು ಅಂತ ಸರ್ಕಾರಕ್ಕೆ ಕೊಡಲೇಬೇಕು, ಸರ್ಕಾರ ಹೇಳಿದ ರೇಟಿಗೆ. ಆ ರೇಟು ಪೇಟೆ ರೇಟಿಗಿಂತ ಎಷ್ಟೋ ಕಮ್ಮಿ. ರೈತ ಏನ್ ಮಾಡ್ತಾನೆ? ಮನೆಗೆ ಬೇಕಾದಷ್ಟು ಬೆಳೀತಾನೆ, ಉಳಿದಿದ್ದನ್ನ ಕಳ್ಳಸಂತೆಗೆ ಸಾಗಿಸ್ತಾನೆ. ಯುದ್ಧಕ್ಕೆ ಮುಂಚೆ ವರ್ಷಕ್ಕೆ 30 ಲಕ್ಷ ಟನ್ ಹತ್ರ ಅಕ್ಕಿ ಹೊರಗೆ ಕಳಿಸ್ತಿದ್ದ ದೇಶ ಎಪ್ಪತ್ತರ ದಶಕಕ್ಕೆ 10 ಲಕ್ಷ ಟನ್ನೂ ಮುಟ್ಟೋಕೆ ಒದ್ದಾಡ್ತಿತ್ತು. ಭೂಮಿ ಅದೇ, ಐರಾವತಿ ನದಿ ಅದೇ, ಮಳೆ ಅದೇ.

ಇನ್ನು ನೋಟು. 1964ರಲ್ಲಿ ದೊಡ್ಡ ನೋಟು ರದ್ದು, 1985ರಲ್ಲಿ ಮತ್ತೆ ರದ್ದು, 1987 ಸೆಪ್ಟೆಂಬರ್ 5ಕ್ಕೆ 25, 35, 75 ಕ್ಯಾಟ್ (ಅಲ್ಲಿನ ದುಡ್ಡು) ನೋಟು ರದ್ದು, ಈ ಸಲ ಬದಲಾಯಿಸಿಕೊಳ್ಳೋಕೂ ಅವಕಾಶ ಇಲ್ಲ. ಚಲಾವಣೆಯಲ್ಲಿದ್ದ ದುಡ್ಡಿನಲ್ಲಿ ಅರ್ಧಕ್ಕಿಂತ ಜಾಸ್ತಿ ರಾತ್ರೋರಾತ್ರಿ ಕಾಗದ. ಆಮೇಲೆ ತಂದ ಹೊಸ ನೋಟು ಎಷ್ಟರದ್ದು ಗೊತ್ತಾ? 45 ಮತ್ತು 90. ಎರಡೂ 9ರಿಂದ ಭಾಗ ಆಗೋ ಸಂಖ್ಯೆ, 9 ನೆ ವಿನ್‌ಗೆ ಅದೃಷ್ಟ ಅಂತ. ಕೋಟ್ಯಂತರ ಜನರ ಕೂಡಿಟ್ಟ ದುಡ್ಡು ಒಬ್ಬ ಮನುಷ್ಯನ ನಂಬಿಕೆಗೆ ಹೋಯ್ತು, ಬೇಡ ಅನ್ನೋಕೆ ಪಾರ್ಲಿಮೆಂಟಲ್ಲಾಗಲೀ ಕೋರ್ಟಲ್ಲಾಗಲೀ ಪೇಪರಲ್ಲಾಗಲೀ ಒಬ್ರೂ ಇರ್ಲಿಲ್ಲ.

ಕೊರಿಯಾ ಬಗ್ಗೆ ಊಟ ಮುಗಿಸಿ ಬರೀತೀನಿ.

ಹುಬ್ಬಳ್ಳಿ_ಮಂದಿ
45 ಕ್ಯಾಟ್ ನೋಟಿನ್ಯಾಗ ಚಿಲ್ಲರೆ ಹ್ಯಾಂಗ ಕೊಡತಿದ್ರೋ ಏನೋ ಪಾಪ. ಸಂತಿಗೆ ಹೋದ ಹೆಣ್ಮಕ್ಕಳ ಕಥಿ ವಿಚಾರ ಮಾಡ್ರಿ.

ಮಾಜಿ_ಸುಬೇದಾರ್
ನಾನು ಸೇನೆಯಲ್ಲಿದ್ದು ನಿವೃತ್ತಿ ಆದವನು. ಊರಲ್ಲಿ ನನ್ನ ನೋಡಿದಾಗೆಲ್ಲ "ಸಾರ್ ನಿಮ್ಮವರೇ ಬರ್ಬೇಕು" ಅಂತಾರೆ. ಪ್ರೀತಿಯಿಂದ ಹೇಳ್ತಾರೆ, ಆದ್ರೆ ನನಗೆ ಒಪ್ಪಿಗೆ ಇಲ್ಲ, ಯಾಕೆ ಅಂತ ಹೇಳ್ತೀನಿ.

ಯೂನಿಟ್‌ನಲ್ಲಿ ಎಲ್ಲ ನಡೆಯೋದು ಇಂಡೆಂಟ್ ಮೇಲೆ. ಇಷ್ಟು ಜನ, ಇಷ್ಟು ಅಕ್ಕಿ, ಇಷ್ಟು ಬೇಳೆ, ಇಷ್ಟು ಡೀಸೆಲ್, ಬರೆದು ಕಳಿಸಿದ್ರೆ ಮೇಲಿಂದ ಬರುತ್ತೆ. ಬೆಲೆ ಎಷ್ಟು ಅಂತ ಯಾರೂ ಕೇಳಲ್ಲ, ಕೇಳೋ ಅಗತ್ಯವೂ ಇಲ್ಲ, ಯುದ್ಧದಲ್ಲಿ ಬೆಲೆ ನೋಡ್ಕೊಂಡು ಕೂತ್ರೆ ಆಗಲ್ಲ. ಆದ್ರೆ ದೇಶ ಹಂಗಲ್ಲ. ದೇಶದಲ್ಲಿ ಈರುಳ್ಳಿ ಬೆಳೆಯೋನಿಗೆ ಆರ್ಡರ್ ಮಾಡೋಕಾಗಲ್ಲ, ರೇಟು ಸಿಕ್ಕಿದ್ರೆ ಬೆಳೀತಾನೆ, ಇಲ್ಲ ಅಂದ್ರೆ ಬಿಡ್ತಾನೆ. ಮೇಷ್ಟ್ರು ಹೇಳಿದ ಭತ್ತದ ಲೆಕ್ಕ ಓದಿದಾಗ ನನಗೆ ಅನಿಸಿದ್ದು ಇದೇ, ಇಡೀ ದೇಶಾನ ಇಂಡೆಂಟ್ ಮೇಲೆ ನಡೆಸೋಕೆ ಹೋಗಿದ್ದಾರೆ.

ಇನ್ನೊಂದು. ಅಧಿಕಾರಿ ತಪ್ಪು ಹೇಳಿದ್ರೂ ಜವಾನ ಮೊದಲು ಪಾಲಿಸ್ತಾನೆ, ಆಮೇಲೆ ದೂರು. ಅದು ಗಡಿಯಲ್ಲಿ ಪ್ರಾಣ ಉಳಿಸೋ ಗುಣ. ಹಣಕಾಸು ಇಲಾಖೆಯಲ್ಲಿ ಎಲ್ಲರೂ "ಎಸ್ ಸಾರ್" ಅಂದ್ರೆ 45 ಕ್ಯಾಟ್ ನೋಟು ಅಚ್ಚಾಗುತ್ತೆ.

ಕೊಡಗಿನ_ಕಾಫಿ
ಸುಬೇದಾರ್ ಸಾರ್‌ಗೆ ನಮಸ್ಕಾರ. ನಮ್ಮೂರಿನ ವಿಷಯ ಇಲ್ಲಿ ಬರಲೇಬೇಕು. ಜನರಲ್ ತಿಮ್ಮಯ್ಯನವರು 1953ರಲ್ಲಿ ಕೊರಿಯಾಕ್ಕೆ ಹೋಗಿದ್ರು, ಯುದ್ಧಕೈದಿಗಳನ್ನ ವಾಪಸ್ ಕಳಿಸೋ ತಟಸ್ಥ ರಾಷ್ಟ್ರಗಳ ಆಯೋಗಕ್ಕೆ ಅವರೇ ಅಧ್ಯಕ್ಷರು. ಪಾರ್ಕ್ ಬರೋಕ್ಕೆ ಮುಂಚಿನ ಆ ಹಾಳುಬಿದ್ದ ಕೊರಿಯಾವನ್ನ ಕಣ್ಣಾರೆ ಕಂಡವರು.

ಇನ್ನು ಕಾರ್ಯಪ್ಪನವರು. 1949 ಜನವರಿ 15ಕ್ಕೆ ಭಾರತದ ಮೊದಲ ಭಾರತೀಯ ಸೇನಾ ದಂಡನಾಯಕ ಆದ್ರು. 1953ರಲ್ಲಿ ನಿವೃತ್ತಿ ಆದ್ಮೇಲೆ ಆಸ್ಟ್ರೇಲಿಯಾಕ್ಕೆ ಹೈಕಮಿಷನರ್ ಆಗಿ ಹೋದ್ರು. 1971ರಲ್ಲಿ ಬಾಂಬೆಯಿಂದ ಲೋಕಸಭೆಗೆ ನಿಂತು ಸೋತ್ರು. ಎಲ್ಲರ ಹಂಗೆ ಜನರ ಹತ್ರ ವೋಟು ಕೇಳಿದ್ರು, ಜನ ಕೊಡ್ಲಿಲ್ಲ, ಬಂದು ಮಡಿಕೇರಿ ಮನೇಲಿ ಇದ್ರು. ಅವರ ಕೆಳಗೆ ಕೆಲಸ ಮಾಡಿದ್ದ ಅಯೂಬ್ ಖಾನ್ ಆ ಕಡೆ ಪಾಕಿಸ್ತಾನದಲ್ಲಿ 1958ರಲ್ಲೇ ದೇಶ ಕೈಗೆ ತಗೊಂಡಿದ್ರು. ಒಂದೇ ಸೈನ್ಯದಲ್ಲಿ ತರಬೇತಿ ಆದವರು.

ಬಯಲುಸೀಮೆ
ಇದು ಬಹಳ ಮುಖ್ಯ. ಒಂದೇ ಬ್ರಿಟಿಷ್ ಇಂಡಿಯನ್ ಆರ್ಮಿ ಎರಡು ಭಾಗ ಆಗಿ ಒಂದು ಬ್ಯಾರಕ್‌ನಲ್ಲಿ ಉಳೀತು, ಇನ್ನೊಂದು ಅರಮನೆಗೆ ಹೋಯ್ತು. ಯಾಕೆ?

ನೈಟ್‌ಶಿಫ್ಟ್
ನಮ್ಮವರು ಮೊದಲಿಂದಲೇ ಹುಷಾರಾಗಿದ್ರು. ದೆಹಲಿಯ ತೀನ್ ಮೂರ್ತಿ ಭವನ ಬ್ರಿಟಿಷರ ಕಾಲದಲ್ಲಿ ಸೇನಾ ದಂಡನಾಯಕನ ಬಂಗಲೆ, ಸ್ವಾತಂತ್ರ್ಯ ಬಂದ ಮೇಲೆ ಅದು ಪ್ರಧಾನಿ ನೆಹರು ಮನೆ ಆಯ್ತು. ನೋಡೋಕೆ ಸಣ್ಣ ವಿಷಯ, ಆದ್ರೆ ಯಾರು ದೊಡ್ಡವರು ಅಂತ ಎಲ್ಲರಿಗೂ ಗೊತ್ತಾಯ್ತು. ಮೂರೂ ಪಡೆಗೆ ಒಬ್ಬನೇ ದಂಡನಾಯಕ ಅನ್ನೋ ಹುದ್ದೇನೂ ತೆಗೆದು ಮೂರು ಮುಖ್ಯಸ್ಥರನ್ನ ಮಾಡಿದ್ರು. ಪಾಕಿಸ್ತಾನದಲ್ಲಿ ಮೊದಲ ಸಂವಿಧಾನ ಬರೋಕೇ 1956 ಆಯ್ತು, ಎರಡೇ ವರ್ಷಕ್ಕೆ ಅದನ್ನೂ ಕಿತ್ತಾಕಿದ್ರು.

ಶಿವಮೊಗ್ಗ_ಎಕ್ಸ್‌ಪ್ರೆಸ್
ಅಯೂಬ್ ಕಾಲದಲ್ಲಿ ಪಾಕಿಸ್ತಾನ ನಮಗಿಂತ ಜೋರಾಗಿ ಬೆಳೀತಿತ್ತು ಅನ್ನೋದನ್ನ ಯಾಕೆ ಹೇಳಲ್ಲ? ಫ್ಯಾಕ್ಟರಿ, ಡ್ಯಾಮು, ಇಸ್ಲಾಮಾಬಾದ್ ಅನ್ನೋ ಹೊಸ ರಾಜಧಾನಿ, ಎಲ್ಲ ಆಗಿನದ್ದೇ. ಸತ್ಯ ಸತ್ಯಾನೇ.

ಎಕನಾಮಿಕ್ಸ್_ಮೇಷ್ಟ್ರು
ಬೆಳೀತು, ನಿಜ. ಅರವತ್ತರ ದಶಕದಲ್ಲಿ ನಮಗಿಂತ ವೇಗ ಇತ್ತು, ಅಮೆರಿಕದ ನೆರವು ಧಾರಾಳವಾಗಿ ಬರ್ತಿತ್ತು. ಆದ್ರೆ ಬೆಳೆದಿದ್ದು ಯಾರ ಮನೇಲಿ? 1968ರಲ್ಲಿ ಅವರ ಸ್ವಂತ ಯೋಜನಾ ಆಯೋಗದ ಮುಖ್ಯ ಅರ್ಥಶಾಸ್ತ್ರಜ್ಞ ಮಹಬೂಬ್ ಉಲ್ ಹಕ್ ಎದ್ದು ನಿಂತು ಹೇಳಿದ್ರು, ದೇಶದ ಕೈಗಾರಿಕೆಯಲ್ಲಿ ಮೂರನೇ ಎರಡು ಭಾಗ 22 ಕುಟುಂಬದ ಕೈಲಿದೆ ಅಂತ. ಪೂರ್ವ ಪಾಕಿಸ್ತಾನದ ಸೆಣಬು ಮಾರಿ ಬಂದ ಡಾಲರ್ ಪಶ್ಚಿಮದಲ್ಲಿ ಖರ್ಚಾಗ್ತಿತ್ತು. ಅಲ್ಲಿನ ಬಂಗಾಳಿಗೆ ತನ್ನ ಪಾಲು ಕೇಳೋಕೆ ಪಾರ್ಲಿಮೆಂಟಲ್ಲಿ ದಾರಿ ಇರ್ಲಿಲ್ಲ, ಸೈನ್ಯದಲ್ಲೂ ಅವರ ಸಂಖ್ಯೆ ತೀರಾ ಕಮ್ಮಿ. 1969ರಲ್ಲಿ ಅಯೂಬ್ ಇಳಿದ್ರು, 1971ರಲ್ಲಿ ದೇಶವೇ ಎರಡಾಯ್ತು. ಆ ಬೆಳವಣಿಗೆ ಅಂಕಿ ಅಂಶ ಇಟ್ಕೊಂಡು ಏನ್ ಮಾಡೋದು ಹೇಳಿ.

ಈಗ ಕೊರಿಯಾ. ಪಾರ್ಕ್ ಬರೋಕ್ಕೆ ಮುಂಚೆಯೇ ಮೂರು ಕೆಲಸ ಆಗಿಹೋಗಿತ್ತು. ಒಂದು, 1950ರ ಸುಮಾರಿಗೆ ಭೂಸುಧಾರಣೆ, ಜಮೀನ್ದಾರಿ ಮುರಿದಿತ್ತು. ಎರಡು, ಸಾಕ್ಷರತೆ, ಅರವತ್ತರ ಹೊತ್ತಿಗೆ ಬಹುಪಾಲು ಜನ ಓದು ಕಲಿತಿದ್ರು. ಮೂರು, ಅಮೆರಿಕದ ನೆರವು. ಇದ್ಯಾವುದನ್ನೂ ಮಾಡಿದ್ದು ಪಾರ್ಕ್ ಅಲ್ಲ.

ಪಾರ್ಕ್ ಮಾಡಿದ್ದೂ ಇದೆ, ಇಲ್ಲ ಅನ್ನಲ್ಲ. 1961ರಲ್ಲಿ ದೊಡ್ಡ ದೊಡ್ಡ ಉದ್ಯಮಿಗಳನ್ನ ಅಕ್ರಮ ಸಂಪತ್ತು ಅಂತ ಹಿಡಿದು, ಆಮೇಲೆ ಫ್ಯಾಕ್ಟರಿ ಕಟ್ಟಬೇಕು ಅಂತ ಷರತ್ತು ಹಾಕಿ ಬಿಟ್ಟ. ನೆ ವಿನ್ ವ್ಯಾಪಾರಿಗಳನ್ನ ದೇಶದಿಂದಲೇ ಓಡಿಸಿದ, ಇವನು ಹಿಡಿದು ಕೆಲಸಕ್ಕೆ ಹಚ್ಚಿದ. ಎಕ್ಸ್‌ಪೋರ್ಟ್ ಮಾಡಿ ತೋರಿಸಿದವನಿಗೆ ಮಾತ್ರ ಕಮ್ಮಿ ಬಡ್ಡಿ ಸಾಲ, ತಿಂಗಳಿಗೊಂದು ಮೀಟಿಂಗಿಗೆ ತಾನೇ ಕೂರ್ತಿದ್ದ. ಯೋಜನೆ ಹಾಕೋಕೆ ಓದಿದ ಸಿವಿಲಿಯನ್‌ಗಳನ್ನ ಇಟ್ಕೊಂಡ. 1964ಕ್ಕೆ 10 ಕೋಟಿ ಡಾಲರ್ ಇದ್ದ ರಫ್ತು 1977ಕ್ಕೆ 1,000 ಕೋಟಿ ಡಾಲರ್. ಮಾಲು ಕಳಪೆ ಆದ್ರೆ ಅಮೆರಿಕದ ಗಿರಾಕಿ ವಾಪಸ್ ಕಳಿಸ್ತಿದ್ದ, ಅವನಿಗೆ ಜನರಲ್ ಭಯ ಇರ್ಲಿಲ್ಲ. ಹೊರಗಿನವನೊಬ್ಬ "ಇದು ಸರಿ ಇಲ್ಲ" ಅನ್ನೋ ವ್ಯವಸ್ಥೆ ಕೊರಿಯಾದಲ್ಲಿ ಆ ಮಟ್ಟಿಗೆ ಉಳೀತು. ಬರ್ಮಾ ಆ ಬಾಗಿಲನ್ನೂ ಹಾಕ್ಕೊಂಡು ಕೂತಿತ್ತು.

ಹುಬ್ಬಳ್ಳಿ_ಮಂದಿ
ಮೇಷ್ಟ್ರ, ಭಾಳ ಚಲೋ ಹೇಳಿದ್ರಿ, ಆದ್ರ ಆ ರಫ್ತು ಯಾರ ಬೆನ್ನ ಮ್ಯಾಲ ಹೋತು ಅನ್ನೋದನ್ನೂ ಹೇಳ್ರಿ. ಕೊರಿಯಾದ ರಾಜಧಾನಿ ಸೋಲ್‌ನ್ಯಾಗ ಪ್ಯೋಂಗ್ವಾ ಮಾರ್ಕೆಟ್ ಅಂತ ಅದ, ಅಲ್ಲಿ ಗಾರ್ಮೆಂಟ್ ಅಂಗಡಿ ಮ್ಯಾಲ ಅಟ್ಟ ಕಟ್ಟಿ, ನೆಟ್ಟಗ ನಿಂದರಾಕ ಬರದಷ್ಟ ಜಾಗಾದಾಗ ಹದಿನೈದ ಹದಿನಾರು ವರ್ಷದ ಹುಡುಗ್ಯಾರನ್ನ ದಿನಕ್ಕ 14 ತಾಸು ಹೊಲಸ್ತಿದ್ರು. ಜೊನ್ ತೆ ಇಲ್ ಅಂತ ಒಬ್ಬ ಹುಡುಗ, ಬಟ್ಟಿ ಕತ್ತರಿಸಾಂವ, ಕಾರ್ಮಿಕ ಕಾನೂನಿನ ಪ್ರಕಾರ ಕೆಲಸ ಕೊಡ್ರಿ ಅಂತ ಸರ್ಕಾರಕ್ಕ ಅರ್ಜಿ ಬರದ ಬರದ ಸಾಕಾಗಿ 1970 ನವೆಂಬರ್ 13ಕ್ಕ ಮೈಗೆ ಬೆಂಕಿ ಹಚಗೊಂಡ ಸತ್ತ. 22 ವರ್ಷ ಅವಗ. ಕಾನೂನು ಪುಸ್ತಕದಾಗ ಇತ್ತು, ಕೇಳಾಕ ಯೂನಿಯನ್ ಕಟ್ಟಿದ್ರ ಪೊಲೀಸ್ರು ಬರ್ತಿದ್ರು.

1980 ಮೇದಾಗ ಗ್ವಾಂಗ್ಜು ಊರಾಗ ಸೈನ್ಯ ತನ್ನ ಮಂದಿ ಮ್ಯಾಲ ಗುಂಡ ಹಾರಿಸ್ತು. ಕೊರಿಯಾ ಉದಾಹರಣಿ ಕೊಡೋರು ಇವನ್ನೂ ಸೇರಿಸಿ ಕೊಡ್ರಿ.

ಶಿವಮೊಗ್ಗ_ಎಕ್ಸ್‌ಪ್ರೆಸ್
ಕಷ್ಟ ಪಟ್ಟಿದ್ದಕ್ಕೆ ತಾನೇ ಇವತ್ತು ಆ ದೇಶ ಅಲ್ಲಿರೋದು?

ಹುಬ್ಬಳ್ಳಿ_ಮಂದಿ
ಕಷ್ಟ ಪಟ್ಟಾವ್ರು ಹುಡುಗ್ಯಾರು, ಹೆಸರು ಜನರಲ್‌ಂದು. ಅದು ಒಪ್ಪಾಕ ಬರಂಗಿಲ್ಲ.

ನೈಟ್‌ಶಿಫ್ಟ್
ಒಂದು ಲೆಕ್ಕ. 1987ರಲ್ಲಿ ಜನ ಬೀದಿಗಿಳಿದು ನೇರ ಚುನಾವಣೆ ತಗೊಂಡಾಗ ಕೊರಿಯಾದ ತಲಾ ಆದಾಯ ವರ್ಷಕ್ಕೆ 3,500 ಡಾಲರ್ ಆಸುಪಾಸು. ಇವತ್ತು 30,000 ದಾಟಿದೆ. ಅಂದ್ರೆ ಈಗ ನಾವು ನೋಡ್ತಿರೋ ಕೊರಿಯಾದಲ್ಲಿ ದೊಡ್ಡ ಪಾಲು ಸೈನ್ಯ ಹೋದ ಮೇಲೆ ಕಟ್ಟಿದ್ದು. ಅಲ್ಲಿನ ಜನಕ್ಕೆ ಮಿಲಿಟರಿ ಮೇಲೆ ಅಷ್ಟು ಪ್ರೀತಿ ಇದ್ದಿದ್ರೆ 2024 ಡಿಸೆಂಬರ್ 3ರ ರಾತ್ರಿ ಅಧ್ಯಕ್ಷ ಯೂನ್ ಮಾರ್ಷಲ್ ಲಾ ಅಂದಾಗ ಸುಮ್ಮನೆ ಮಲಗಿರ್ತಿದ್ರು. ರಾತ್ರೋರಾತ್ರಿ ಪಾರ್ಲಿಮೆಂಟ್ ಮುಂದೆ ಬಂದು ನಿಂತ್ರು, ಒಳಗೆ ನುಗ್ಗಿದ ಎಂಪಿಗಳು 190-0 ವೋಟಲ್ಲಿ ಅದನ್ನ ಬಿಸಾಕಿದ್ರು. ಮುಂದಿನ ಏಪ್ರಿಲ್‌ನಲ್ಲಿ ಅವನ ಕುರ್ಚೀನೂ ಹೋಯ್ತು.

ಟವರ್_ಇಂಜಿನಿಯರ್
ಬರ್ಮಾದಲ್ಲಿ ಇದ್ದು ಬಂದವನು ನಾನು, 2014ರಿಂದ ಕೆಲವು ವರ್ಷ ರಂಗೂನ್ ಅಂದ್ರೆ ಈಗಿನ ಯಾಂಗೋನ್‌ನಲ್ಲಿ ಮೊಬೈಲ್ ಟವರ್ ಕೆಲಸ. ಪುಸ್ತಕದ ಮಾತು ಬಿಟ್ಟು ಕಣ್ಣಿಗೆ ಕಂಡಿದ್ದು ಹೇಳ್ತೀನಿ.

ಮೊದಲ ದಿನ ಸಿಟಿ ಬಸ್ ಹತ್ತೋಕೆ ಹೋದೆ, ಬಾಗಿಲು ರಸ್ತೆ ಮಧ್ಯಕ್ಕೆ ತೆರ್ಕೊಳ್ತು. ಜನ ಓಡೋ ಗಾಡಿಗಳ ನಡುವೆ ಇಳೀತಿದ್ದಾರೆ, ಹತ್ತುತ್ತಿದ್ದಾರೆ. ಏನಪ್ಪ ಅಂದ್ರೆ 1970ರಲ್ಲಿ ನೆ ವಿನ್ ಇಡೀ ದೇಶ ಎಡಗಡೆಯಿಂದ ಬಲಗಡೆಗೆ ಗಾಡಿ ಓಡಿಸ್ಬೇಕು ಅಂತ ಒಂದೇ ಏಟಿಗೆ ಆರ್ಡರ್ ಮಾಡ್ದ, ಜ್ಯೋತಿಷಿ ಹೇಳಿದ್ದಕ್ಕೆ ಅಂತ ಜನ ಹೇಳ್ತಾರೆ. ರಸ್ತೆ ಬದಲಾಯ್ತು, ಗಾಡಿ ಬದಲಾಗ್ಲಿಲ್ಲ, ಹಳೇ ಜಪಾನ್ ಗಾಡಿಗಳೇ ಬರ್ತಿದ್ವು, ಸ್ಟೇರಿಂಗ್ ಬಲಕ್ಕೇ. ಓವರ್‌ಟೇಕ್ ಮಾಡೋವಾಗ ಡ್ರೈವರ್‌ಗೆ ಎದುರು ಬರೋದು ಕಾಣಲ್ಲ. ಆರ್ಡರ್ ಆಗಿ ನಲವತ್ತು ವರ್ಷ ದಾಟಿದ್ರೂ ಜನ ಅದರ ಜೊತೆ ಏಗ್ತಾ ಇದ್ರು.

ಡಾಲರ್ ನೋಟು ಮಡಿಸಿದ್ರೆ ಯಾರೂ ತಗೊಳ್ತಿರ್ಲಿಲ್ಲ. ಒಂದು ಗೆರೆ ಬಿದ್ದಿದ್ರೂ ವಾಪಸ್. ಬ್ಯಾಂಕ್ ಮೇಲೆ ನಂಬಿಕೆ ಇಲ್ಲ, ಸ್ವಂತ ಕರೆನ್ಸಿ ಮೇಲಂತೂ ಇಲ್ಲ, ಎಲ್ಲ ಚಿನ್ನದಲ್ಲಿ ಇಡ್ತಿದ್ರು. ಮೇಷ್ಟ್ರು ಹೇಳಿದ ನೋಟು ರದ್ದಿನ ಕಥೆ ಅಲ್ಲಿನ ವಯಸ್ಸಾದ ಆಫೀಸ್ ಅಕೌಂಟೆಂಟ್ ಒಬ್ರು ನನಗೆ ಹೇಳಿದ್ರು, ಅವರಪ್ಪ ಮಗಳ ಮದುವೆಗೆ ಅಂತ ಇಟ್ಟಿದ್ದ 75ರ ನೋಟಿನ ಕಂತೆ ಬಿಸಾಡೋಕೆ ಮನಸ್ಸು ಬರದೆ ಹಂಗೇ ಪೆಟ್ಟಿಗೇಲಿ ಇಟ್ಟಿದ್ರಂತೆ.

ಈಗ ಸಿಮ್ ಕಾರ್ಡ್. ಸೈನ್ಯದ ಸರ್ಕಾರ ಇದ್ದಾಗ ಒಂದು ಸಿಮ್ 1,000 ಡಾಲರ್‌ಗೂ ಮೇಲೆ ಇತ್ತು, ನಂಬಿ. 2012ರ ಹೊತ್ತಿಗೂ 200 ಡಾಲರ್ ಮೇಲೇ. ಅಧಿಕಾರಿಗಳ ಪರಿಚಯ ಇದ್ದವರಿಗೆ ಮಾತ್ರ ಸಿಗ್ತಿದ್ದ ಸಾಮಾನು ಅದು. 2014ರಲ್ಲಿ ಟೆಲಿನಾರ್, ಊರಿಡೂ ಅನ್ನೋ ಹೊರದೇಶದ ಮೊಬೈಲ್ ಕಂಪನಿಗಳು ಬಂದು 1,500 ಕ್ಯಾಟ್‌ಗೆ ಮಾರೋಕೆ ಶುರು ಮಾಡಿದ್ರು, ಅಂದ್ರೆ ಒಂದೂವರೆ ಡಾಲರ್. ಯಾಂಗೋನ್‌ನಲ್ಲಿ ಕ್ಯೂ ಹೆಂಗಿತ್ತು ಅಂದ್ರೆ ತರಕಾರಿ ಮಾರೋ ಅಮ್ಮಂದಿರು ಬುಟ್ಟಿ ಪಕ್ಕಕ್ಕಿಟ್ಟು ನಿಂತಿದ್ರು. ಆಮೇಲೆ ಹಳ್ಳಿಯ ಮೀನುಗಾರ ಪೇಟೆ ರೇಟ್ ಫೋನಲ್ಲಿ ಕೇಳಿ ಮಾರೋದನ್ನ ನಾನೇ ನೋಡಿದ್ದೀನಿ. ಅದೇ ದೇಶ, ಅದೇ ಜನ, ಸೈನ್ಯ ಅರ್ಧ ಹೆಜ್ಜೆ ಹಿಂದೆ ಸರಿದಿದ್ದಕ್ಕೆ ಇಷ್ಟಾಯ್ತು.

ಅರ್ಧ ಹೆಜ್ಜೆ ಅಂತ ಯಾಕಂದೆ ಅಂದ್ರೆ 2008ರ ಸಂವಿಧಾನದಲ್ಲಿ ನಾಲ್ಕನೇ ಒಂದು ಭಾಗ ಎಂಪಿ ಸೀಟು ಸೈನ್ಯಕ್ಕೇ ಮೀಸಲು, ತಿದ್ದುಪಡಿಗೆ 75 ಪರ್ಸೆಂಟಿಗಿಂತ ಜಾಸ್ತಿ ವೋಟು ಬೇಕು. ಲೆಕ್ಕ ಹಾಕಿ, ಅವರು ಒಪ್ಪದೆ ಒಂದಕ್ಷರ ಬದಲಾಗಲ್ಲ. 2021 ಫೆಬ್ರವರಿ 1ಕ್ಕೆ ಆಗಿನ ಸೇನಾ ಮುಖ್ಯಸ್ಥ ಮಿನ್ ಆಂಗ್ ಲೈಂಗ್ ಆ ಅರ್ಧ ಹೆಜ್ಜೇನೂ ವಾಪಸ್ ತಗೊಂಡ.

ಚೆನ್ನೈ_ಕನ್ನಡಿಗ
ಭಾರತೀಯರನ್ನ ಓಡಿಸಿದ್ದು ಬಂತಲ್ಲ, ಚೆನ್ನೈ ಬೀಚ್ ಸ್ಟೇಷನ್ ಹತ್ರ ಬರ್ಮಾ ಬಜಾರ್ ಅಂತ ಇದೆ, ಆಗ ವಾಪಸ್ ಬಂದವರಿಗೇ ಕೊಟ್ಟ ಅಂಗಡಿ ಸಾಲು. ಪಕ್ಕದ ಬೀದಿಯಲ್ಲಿ ಅತ್ತೋ ಅಂತ ಬರ್ಮಾ ನೂಡಲ್ಸ್ ಮಾರ್ತಾರೆ, ಎಲೆಕೋಸು, ಹುರಿದ ಈರುಳ್ಳಿ, ಹುಣಸೆ ರಸ ಹಾಕಿ ಕೈಯಲ್ಲೇ ಕಲಸಿ ಕೊಡ್ತಾರೆ. ಹೊರಡೋವಾಗ ಬಂದರಲ್ಲಿ ಒಡವೆ ಕೂಡ ಕಿತ್ಕೊಂಡ್ರು ಅನ್ನೋ ಮಾತು ಅಲ್ಲಿನ ಹಳಬರ ಬಾಯಲ್ಲಿ ಈಗಲೂ ಇದೆ.

ಕರಾವಳಿ
ಅತ್ತೋ ಒಳ್ಳೇದುಂಟು ಮಾರಾಯ್ರೆ, ಮೊಟ್ಟೆ ಹಾಕಿಸ್ಕೊಂಡು ತಿನ್ನಿ.

ನಾನು ಬೇರೆ ವಿಷಯ ಹೇಳ್ಬೇಕು. ಬರ್ಮಾ ಅಲ್ಲಿ ಎಲ್ಲೋ ದೂರ ಅಂತ ನಾವು ಮಾತಾಡ್ತೇವೆ. ಥಾಯ್ಲೆಂಡ್ ಗಡಿಯ ಮ್ಯಾವಡಿ ಹತ್ರ ಆನ್‌ಲೈನ್ ಮೋಸ ಮಾಡಿಸೋ ಸ್ಕ್ಯಾಮ್ ಸೆಂಟರ್ ಉಂಟಲ್ಲ, ಡೇಟಾ ಎಂಟ್ರಿ ಕೆಲಸ, ಬ್ಯಾಂಕಾಕಲ್ಲಿ ಆಫೀಸು ಅಂತ ಹೇಳಿ ಹುಡುಗರನ್ನ ಕರ್ಕೊಂಡು ಹೋಗಿ ಗಡಿ ದಾಟಿಸಿ ಪಾಸ್‌ಪೋರ್ಟ್ ಕಿತ್ಕೊಳ್ತಾರೆ. 2025 ಮಾರ್ಚ್‌ನಲ್ಲಿ ನಮ್ಮ ಏರ್‌ಫೋರ್ಸ್ ವಿಮಾನದಲ್ಲಿ 549 ಭಾರತೀಯರನ್ನ ವಾಪಸ್ ತಂದ್ರು. ನಮ್ಮ ರಾಜ್ಯದ ಹುಡುಗರೂ ಸಿಕ್ಕಿಕೊಂಡ ಸುದ್ದಿ ಪೇಪರಲ್ಲಿ ಬಂದಿದೆ. ಅದೆಲ್ಲ ಬೆಳೆದದ್ದು ಸೈನ್ಯದ ಜೊತೆ ಹೊಂದಾಣಿಕೆ ಮಾಡಿಕೊಂಡ ಸಶಸ್ತ್ರ ಗುಂಪಿನ ಜಾಗದಲ್ಲಿ. ಸೈನ್ಯ ಇದ್ರೆ ಕಾನೂನು ಸುವ್ಯವಸ್ಥೆ ಇರ್ತದೆ ಅನ್ನೋರು ಇದಕ್ಕೆ ಏನು ಹೇಳ್ತೀರಿ? 2023ರಲ್ಲಿ ಅಫ್ಘಾನಿಸ್ತಾನವನ್ನ ಹಿಂದೆ ಹಾಕಿ ಅಫೀಮು ಬೆಳೆಯೋದ್ರಲ್ಲಿ ಬರ್ಮಾ ಒಂದನೇ ನಂಬರ್ ಆಯ್ತು ಅಂತ ವಿಶ್ವಸಂಸ್ಥೆಯೇ ಹೇಳಿದೆ.

ಮಕ್ಕಳನ್ನ ಕಳಿಸೋರು ದಯವಿಟ್ಟು ಏಜೆಂಟ್ ನೋಂದಾಯಿತನೋ ಅಂತ ಸರ್ಕಾರದ ವೆಬ್‌ಸೈಟ್ ಇ-ಮೈಗ್ರೇಟ್‌ನಲ್ಲಿ ನೋಡಿ, ಟೂರಿಸ್ಟ್ ವೀಸಾದಲ್ಲಿ ಕೆಲಸಕ್ಕೆ ಅಂತ ಹೇಳಿದ್ರೆ ಹೋಗ್ಲೇಬೇಡಿ.

ಮಾಜಿ_ಸುಬೇದಾರ್
ಸೈನಿಕನಾಗಿ ನನಗೆ ಹೆಚ್ಚು ನೋವಾಗೋದು 2008ರ ನರ್ಗಿಸ್ ಚಂಡಮಾರುತದ ವಿಷಯ. ಮೇ 2ಕ್ಕೆ ಬಡೀತು, ಸತ್ತವರು ಕಾಣೆಯಾದವರು ಸೇರಿ 1,38,000 ಅಂತ ಲೆಕ್ಕ. ಪ್ರವಾಹ, ಚಂಡಮಾರುತ ಬಂದಾಗ ಯಾವ ಸೈನ್ಯ ಆದ್ರೂ ಮೊದಲು ದೋಣಿ ಇಳಿಸುತ್ತೆ, ನಾವೂ ಇಳಿದಿದ್ದೀವಿ. ಅಲ್ಲಿ ಅಮೆರಿಕ, ಫ್ರಾನ್ಸ್ ಹಡಗುಗಳು ಅಕ್ಕಿ ನೀರು ತುಂಬ್ಕೊಂಡು ಸಮುದ್ರದಲ್ಲಿ ಕಾಯ್ತಾ ನಿಂತಿದ್ವು, ಒಳಗೆ ಬಿಡ್ಲಿಲ್ಲ. ಮೇ 10ಕ್ಕೆ ಅದೇ ಹೆಣಗಳ ಮಧ್ಯೆ ತಮ್ಮ ಸಂವಿಧಾನಕ್ಕೆ ಜನಮತ ತಗೊಂಡ್ರು, 92 ಪರ್ಸೆಂಟ್ ಒಪ್ಪಿದ್ದಾರೆ ಅಂದ್ರು. ಬೇಲಿಯೇ ಎದ್ದು ಹೊಲ ಮೇಯ್ದ ಹಂಗೆ. ಅಧಿಕಾರದಲ್ಲಿ ಕೂತ ಸೈನ್ಯ ಸೈನ್ಯವಾಗಿ ಉಳಿಯಲ್ಲ.

ಬಯಲುಸೀಮೆ
ಸುಬೇದಾರ್ ಸಾರ್, ಈ ಮಾತನ್ನ ನಮ್ಮೂರ ಕಟ್ಟೆ ಮೇಲೆ ಬಂದು ಹೇಳಿ ಒಂದ್ಸಲ.

ಟವರ್ ಅವರೇ, 2021 ಆದ್ಮೇಲೆ ಏನಾಯ್ತು? ನಿಮ್ಮ ಜೊತೆ ಕೆಲಸ ಮಾಡಿದವರು?

ಟವರ್_ಇಂಜಿನಿಯರ್
ಆ ವರ್ಷ ಒಂದೇ ಏಟಿಗೆ ಆರ್ಥಿಕತೆ 18 ಪರ್ಸೆಂಟ್ ಕುಸೀತು ಅಂತ ವಿಶ್ವಬ್ಯಾಂಕ್ ಲೆಕ್ಕ. ಡಾಕ್ಟರು, ಟೀಚರು, ರೈಲ್ವೆಯವರು, ಬ್ಯಾಂಕಿನವರು ಕೆಲಸ ಬಿಟ್ಟು ಹೊರಗೆ ಬಂದ್ರು, ಸೈನ್ಯದ ಕೆಳಗೆ ಕೆಲಸ ಮಾಡಲ್ಲ ಅಂತ. ಎಟಿಎಂ ಮುಂದೆ ಬೆಳಗಿನ ಜಾವದಿಂದ ಕ್ಯೂ. ಡಾಲರಿಗೆ 1,300 ಚಿಲ್ಲರೆ ಇದ್ದ ಕ್ಯಾಟ್ ಕಾಳಸಂತೇಲಿ 4,000 ದಾಟ್ತು. ಟೆಲಿನಾರ್ 2022ರಲ್ಲಿ ಮಾರ್ಕೊಂಡು ಹೋಯ್ತು. 2024 ಫೆಬ್ರವರಿಯಲ್ಲಿ ಕಡ್ಡಾಯ ಸೇನಾ ಸೇವೆ ಅಂದ್ರು, 18ರಿಂದ 35 ವರ್ಷದ ಗಂಡಸರೆಲ್ಲ ಬರ್ಬೇಕು. ಥಾಯ್ ಎಂಬಸಿ ಮುಂದೆ ವೀಸಾಕ್ಕೆ ನೂಕುನುಗ್ಗಲು. ನನ್ನ ಟೀಮಿನ ಹುಡುಗರಲ್ಲಿ ಹೆಚ್ಚಿನವರು ಈಗ ಬ್ಯಾಂಕಾಕಲ್ಲಿ, ಇಂಜಿನಿಯರಿಂಗ್ ಓದಿದವನು ಹೋಟೆಲಲ್ಲಿ ತಟ್ಟೆ ತೊಳೀತಿದ್ದಾನೆ. ದೇಶ ಕಟ್ಟೋ ವಯಸ್ಸಿನವರೆಲ್ಲ ಹೊರಗೆ ಹೋದ್ರೆ ಇನ್ಯಾರ ಕೈಲಿ ಅಭಿವೃದ್ಧಿ?

ನೈಟ್‌ಶಿಫ್ಟ್
ಇದು ಮೊದಲ ಸಲ ಅಲ್ಲ. 1988ರ ದಂಗೆ ಆದ್ಮೇಲೆ 2000ದವರೆಗೆ ಯೂನಿವರ್ಸಿಟಿಗಳು ತೆರೆದಿದ್ದಕ್ಕಿಂತ ಮುಚ್ಚಿದ್ದೇ ಜಾಸ್ತಿ. ಹುಡುಗರು ಒಂದೆಡೆ ಸೇರಬಾರದು ಅಂತ ಕಾಲೇಜುಗಳನ್ನ ಊರಾಚೆ ಸಾಗಿಸಿದ್ರು. ಆ ದಂಗೆ ಶುರು ಆಗಿದ್ದೂ ರಂಗೂನಿನ ಒಂದು ಟೀ ಅಂಗಡೀಲಿ, ಟೇಪ್‌ರೆಕಾರ್ಡರಲ್ಲಿ ಯಾವ ಹಾಡು ಹಾಕ್ಬೇಕು ಅನ್ನೋ ಜಗಳದಿಂದ. ಜಗಳ ಆಡಿದವನು ಅಧಿಕಾರಿಯ ಮಗ ಅಂತ ಪೊಲೀಸ್ರು ಬಿಟ್ರು, ಅಲ್ಲಿಂದ ಹೊತ್ಕೊಳ್ತು. 2000ದಲ್ಲಿ ವಿಶ್ವ ಆರೋಗ್ಯ ಸಂಸ್ಥೆ 191 ದೇಶಗಳ ಆರೋಗ್ಯ ವ್ಯವಸ್ಥೆಗೆ ರ‍್ಯಾಂಕ್ ಕೊಟ್ಟಾಗ ಬರ್ಮಾ 190ನೇದು.

ಶಿವಮೊಗ್ಗ_ಎಕ್ಸ್‌ಪ್ರೆಸ್
ಬರ್ಮಾ ಕೆಟ್ಟ ಉದಾಹರಣೆ ಅಂತ ಒಪ್ತೀನಿ, ಅದನ್ನ ಯಾರೂ ಸಮರ್ಥಿಸ್ತಿಲ್ಲ. ಚಿಲಿ ಹೇಳಿ? ಜನರಲ್ ಪಿನೊಚೆ ಬಂದು ಎಕಾನಮಿ ಸರಿ ಮಾಡ್ಲಿಲ್ವಾ? ಮತ್ತೆ ನಮ್ಮಲ್ಲಿ ಲಂಚ ತಡೆಯೋರು ಯಾರು? ಅದಕ್ಕೆ ಯಾರೂ ಉತ್ತರ ಕೊಡ್ತಿಲ್ಲ.

ಎಕನಾಮಿಕ್ಸ್_ಮೇಷ್ಟ್ರು
ಚಿಲಿಯಲ್ಲಿ 1973ರಲ್ಲಿ ಬಂದ, 1982ರಲ್ಲಿ ಆರ್ಥಿಕತೆ 14 ಪರ್ಸೆಂಟ್ ಹತ್ರ ಕುಸೀತು, ಐವರಲ್ಲಿ ಒಬ್ಬನಿಗೆ ಕೆಲಸ ಇಲ್ಲ, ಖಾಸಗಿ ಮಾಡಿದ್ದ ಬ್ಯಾಂಕುಗಳನ್ನ ಸರ್ಕಾರವೇ ವಾಪಸ್ ತಗೊಂಡು ಉಳಿಸ್ಬೇಕಾಯ್ತು. ಮುಕ್ತ ಮಾರುಕಟ್ಟೆ ಅಂತ ಎಲ್ಲ ಮಾರಿದವನು ತಾಮ್ರದ ಸರ್ಕಾರಿ ಗಣಿ ಮಾತ್ರ ಮಾರ್ಲಿಲ್ಲ, ಯಾಕಂದ್ರೆ ಅದರ ಮಾರಾಟದಲ್ಲಿ 10 ಪರ್ಸೆಂಟ್ ನೇರ ಸೈನ್ಯಕ್ಕೆ ಹೋಗೋ ಕಾನೂನಿತ್ತು. ಆ ಕಾನೂನು ತೆಗೆಯೋಕೆ 2019 ಆಯ್ತು.

ಬರ್ಮಾದ್ದೂ ಇದೇ ಜಾಡು, ಇನ್ನೂ ಕೆಟ್ಟದಾಗಿ. ಥಾಯ್ಲೆಂಡಿಗೆ ಗ್ಯಾಸ್ ಮಾರಿ ಬಂದ ಡಾಲರನ್ನ ಬಜೆಟ್ಟಲ್ಲಿ ಸರ್ಕಾರಿ ರೇಟಲ್ಲಿ ಬರೀತಿದ್ರು, ಡಾಲರಿಗೆ 6 ಕ್ಯಾಟ್. ಪೇಟೇಲಿ ಅದೇ ಡಾಲರಿಗೆ 1,000 ಕ್ಯಾಟ್ ಹತ್ರ. ಅಂದ್ರೆ ಪುಸ್ತಕದಲ್ಲಿ ಕಂಡಿದ್ದು ಚೂರು, ಉಳಿದಿದ್ದು ಎಲ್ಲಿ ಹೋಯ್ತು ಅಂತ ಕೇಳೋ ಆಡಿಟರ್ ಇಲ್ಲ. 2012 ಏಪ್ರಿಲಲ್ಲಿ ರೇಟ್ ಸರಿ ಮಾಡೋವರೆಗೂ ಇದು ನಡೀತು. ಇದು ಲಂಚ ಅಲ್ವಾ? ನಮ್ಮ ತಾಲ್ಲೂಕು ಆಫೀಸ್ ಲಂಚ ಕಣ್ಣಿಗೆ ಕಾಣುತ್ತೆ, ಅಲ್ಲಿಯದ್ದು ದೇಶದ ಲೆಕ್ಕಪುಸ್ತಕದಲ್ಲೇ ಬರೆದಿತ್ತು. ಮೇಲಿಂದ ಸೈನ್ಯಕ್ಕೇ ಸೇರಿದ ಎರಡು ದೊಡ್ಡ ಕಂಪನಿಗಳು, ಬಿಯರಿಂದ ಬ್ಯಾಂಕಿನವರೆಗೆ ಎಲ್ಲದರಲ್ಲೂ ಕೈ. ಪಕ್ಕದಲ್ಲಿ ಅಂಗಡಿ ಇಟ್ಟವನು ಕಮಾಂಡರ್ ಜೊತೆ ಪೈಪೋಟಿ ಮಾಡೋಕಾಗುತ್ತಾ?

ಹುಬ್ಬಳ್ಳಿ_ಮಂದಿ
@ಶಿವಮೊಗ್ಗ_ಎಕ್ಸ್‌ಪ್ರೆಸ್ ಲಂಚದ್ದು ನಾ ಹೇಳ್ತೀನಿ. ನಮ್ಮ ರಾಜ್ಯದಾಗ 2011ರಾಗ ಅಕ್ರಮ ಗಣಿಗಾರಿಕೆ ಮ್ಯಾಲ ಲೋಕಾಯುಕ್ತ ವರದಿ ಬಂದಾಗ ಕುರ್ಚಿ ಮ್ಯಾಲ ಕುಂತ ಮುಖ್ಯಮಂತ್ರಿನ ರಾಜೀನಾಮೆ ಕೊಡಬೇಕಾತು. ಸುಪ್ರೀಂ ಕೋರ್ಟ್ ಬಳ್ಳಾರಿ ಗಣಿ ನಿಲ್ಲಿಸ್ತು. ಆಮ್ಯಾಲ ಏನೇನಾತು ಅನ್ನೋ ತಕರಾರು ನನಗೂ ಅದ, ಪೂರ್ತಿ ನ್ಯಾಯ ಸಿಕ್ತು ಅಂತ ನಾ ಹೇಳಂಗಿಲ್ಲ. ಆದ್ರ ಕೇಳಾಕ ಒಂದ ಜಾಗಾ ಇತ್ತು. ಬರ್ಮಾದಾಗ ಹ್ಪಾಕಾಂತ್ ಅಂತ ಜೇಡ್ ಅನ್ನೋ ಹಸಿರು ಹರಳಿನ ಗಣಿ ಅದ, ಸೈನ್ಯದ ಕಂಪನಿಗಳದ್ದೂ ಅಲ್ಲಿ ಪಾಲು. 2020 ಜುಲೈದಾಗ ಮಣ್ಣಿನ ಗುಡ್ಡ ಕುಸದು 170ಕ್ಕೂ ಹೆಚ್ಚು ಮಂದಿ ಸತ್ರು, ಕಂಪನಿ ಬಿಟ್ಟ ಮಣ್ಣಾಗ ಚೂರು ಹರಳು ಹುಡುಕಾಕ ಹೋದ ಬಡವ್ರು. ಅವರ ಮನಿಯಾವ್ರು ಯಾವ ಲೋಕಾಯುಕ್ತಕ್ಕ ಹೋಗಬೇಕು?

ಕೊಡಗಿನ_ಕಾಫಿ
ಕೋಸ್ಟರಿಕಾ 1948ರಲ್ಲಿ ಸೈನ್ಯಾನೇ ರದ್ದು ಮಾಡಿ ಆ ದುಡ್ಡನ್ನ ಶಾಲೆ, ಆಸ್ಪತ್ರೆಗೆ ಹಾಕ್ತು. ಸುತ್ತಮುತ್ತಲ ದೇಶಗಳ ಜೊತೆ ಹೋಲಿಸಿ ನೋಡಿ. ನಮಗೆ ಆ ದಾರಿ ಸಾಧ್ಯ ಇಲ್ಲ, ನಮ್ಮ ಗಡಿ ಅಂಥದ್ದು, ಆದ್ರೆ ಲೆಕ್ಕ ಮಾತ್ರ ಯೋಚನೆ ಮಾಡೋ ಹಂಗಿದೆ.

ಶಿವಮೊಗ್ಗ_ಎಕ್ಸ್‌ಪ್ರೆಸ್
ಎಲ್ಲ ಓದಿದೆ. ಇಂಡೋನೇಷ್ಯಾ ಬಗ್ಗೆ ಯಾರೂ ಮಾತಾಡ್ಲಿಲ್ಲ, ಜನರಲ್ ಸುಹಾರ್ತೊ ಮೂವತ್ತು ವರ್ಷ ಆಳ್ದ, ಬಡತನ ನಿಜವಾಗ್ಲೂ ಇಳೀತು. ಇದಕ್ಕೇನಂತೀರಿ ಮೇಷ್ಟ್ರೇ?

ಎಕನಾಮಿಕ್ಸ್_ಮೇಷ್ಟ್ರು
ಇಳೀತು, ಹಳ್ಳಿ ಶಾಲೆ, ಭತ್ತ, ನೀರಾವರಿಗೆ ಎಣ್ಣೆ ದುಡ್ಡು ಹಾಕಿದ್ರು, ಅದು ಒಳ್ಳೇ ಕೆಲಸ. ಅವನು ಅಧಿಕಾರಕ್ಕೆ ಬರೋವಾಗ 1965-66ರಲ್ಲಿ ಲಕ್ಷಾಂತರ ಜನರನ್ನ ಕೊಂದ್ರು, ಅದನ್ನ ಬಿಟ್ಟು ಲೆಕ್ಕ ಬರೆಯೋಕಾಗಲ್ಲ. ಕೊನೇಲಿ ಮಕ್ಕಳು, ಸ್ನೇಹಿತರು ಒಂದೊಂದು ವ್ಯಾಪಾರ ಗುತ್ತಿಗೆ ಹಿಡಿದಿದ್ರು, 1998ರ ಬಿಕ್ಕಟ್ಟಲ್ಲಿ ಆರ್ಥಿಕತೆ 13 ಪರ್ಸೆಂಟ್ ಬಿತ್ತು, ಜಕಾರ್ತದಲ್ಲಿ ಅಂಗಡಿಗಳಿಗೆ ಬೆಂಕಿ. ಬೇರೆ ದೇಶಗಳು ಬೇಗ ಎದ್ದು ನಿಂತ್ವು, ಅಲ್ಲಿ ಬ್ಯಾಂಕ್ ಯಾರದ್ದು, ಸಾಲ ಯಾರದ್ದು ಅಂತ ಬಿಡಿಸೋಕೇ ವರ್ಷಗಳು ಹಿಡೀತು. ಆಮೇಲೆ ಎಲೆಕ್ಷನ್ ಮಾಡ್ಕೊಂಡೇ ಮತ್ತೆ ಬೆಳೀತಿದ್ದಾರೆ.

ಶಿವಮೊಗ್ಗ_ಎಕ್ಸ್‌ಪ್ರೆಸ್
ಶಾಲೆ, ನೀರಾವರಿ ಮಾಡಿದ್ದು ಒಳ್ಳೇದು ಅಂತ ನೀವೇ ಅಂದ್ರಲ್ಲ, ಅಷ್ಟು ಸಾಕು ನನಗೆ.

ಹುಬ್ಬಳ್ಳಿ_ಮಂದಿ
ಶಾಲಿ ಕಟ್ಟಾಕ ಕೇರಳದಾಗ ಯಾವ ಜನರಲ್ ಬಂದಿದ್ದ ಹೇಳ್ರಿ?